1.5 ಪಟ್ಟು 2 ಪಟ್ಟಾದರೆ ಹೆಚ್ಚಾಗಿದ್ದೆಷ್ಟು?

ಪೋಕೆಮಾನ್ ಗೇಮ್‌ನಲ್ಲಿ ಒಂದು ಪೋಕೆಮಾನ್ ತನ್ನದೇ ಟೈಪ್‌ನ ದಾಳಿ ಮಾಡಿದರೆ ಡ್ಯಾಮೇಜ್ 1.5 ಪಟ್ಟು. 'ಅಡಾಪ್ಟಬಿಲಿಟಿ' ಅನ್ನೋ ಗುಣ ಇದ್ದರೆ 2 ಪಟ್ಟು. ಹಾಗಾದರೆ ಆ ಗುಣದಿಂದ ಸಿಕ್ಕ ಲಾಭ ಎಷ್ಟು? 'ಐವತ್ತು ಪರ್ಸೆಂಟ್' ಅಂತ ಇಂಜಿನಿಯರಿಂಗ್ ಓದುವಾಗ ನಾನೂ ಧೈರ್ಯವಾಗಿ ಹೇಳಿದವನೇ.

ತಪ್ಪು. 2ರಲ್ಲಿ 1.5 ಕಳೆದರೆ 0.5 ನಿಜ. ಆದರೆ ಅದನ್ನು ಭಾಗಿಸಬೇಕಾದದ್ದು 1ರಿಂದಲ್ಲ, ಮೊದಲೇ ಕೈಯಲ್ಲಿದ್ದ 1.5ರಿಂದ. ಉತ್ತರ ಶೇ 33.3. 150 ಡ್ಯಾಮೇಜ್ ಕೊಡುತ್ತಿದ್ದ ಏಟು ಈಗ 200 ಕೊಡುತ್ತದೆ, ಅಷ್ಟೇ. ಎದುರಾಳಿಯ ಟೈಪ್ ದುರ್ಬಲವಾಗಿದ್ದು ಇನ್ನೊಂದು 2 ಪಟ್ಟು ಸೇರಿದರೆ 3 ಮತ್ತು 4 ಆಗುತ್ತದೆ. ಅಂತರ 0.5ರಿಂದ 1ಕ್ಕೆ ಹಿಗ್ಗಿತು, ಶೇಕಡಾವಾರು ಮಾತ್ರ ಅಲ್ಲೇ ನಿಂತಿತು.

ಇನ್ನೊಂದು ತಮಾಷೆ ಇದೆ. ಎದುರಾಳಿಯ ಎಚ್‌ಪಿ 300 ಇದ್ದರೆ 150ರ ಏಟಿಗೂ ಎರಡು ಸಲ, 200ರ ಏಟಿಗೂ ಎರಡೇ ಸಲ. ಶೇ 33 ಲಾಭ ಸೊನ್ನೆಯಾಯಿತು! ಎಚ್‌ಪಿ 320 ಇದ್ದರೆ ಮಾತ್ರ ಮೂರು ಏಟಿನ ಕೆಲಸ ಎರಡರಲ್ಲಿ ಮುಗಿಯುತ್ತದೆ.

ಇಳಿಯುವಾಗ ಲೆಕ್ಕ ಬೇರೆ. 2013ರ ಎಕ್ಸ್ ಮತ್ತು ವೈ ಗೇಮ್‌ಗಳಲ್ಲಿ ಕ್ರಿಟಿಕಲ್ ಹಿಟ್ 2 ಪಟ್ಟಿನಿಂದ 1.5ಕ್ಕೆ ಇಳಿಯಿತು. 'ಬೋನಸ್ ಅರ್ಧ ಕಡಿತ' ಅಂದರೂ ಸರಿ, 'ಡ್ಯಾಮೇಜ್ ಶೇ 25 ಕಡಿತ' ಅಂದರೂ ಸರಿ. ಯಾವುದನ್ನು ಹೇಳುತ್ತೀರಿ ಅನ್ನೋದು ನೀವು ಸಿಟ್ಟಾಗಿದ್ದೀರೋ ಸಮರ್ಥಿಸುತ್ತಿದ್ದೀರೋ ಎಂಬುದರ ಮೇಲಿದೆ. ಕಳೆದುಕೊಂಡ ಆ 25 ವಾಪಸ್ ಬರಬೇಕಾದರೆ ಮತ್ತೆ ಶೇ 33.3 ಏರಬೇಕು.

ಇದನ್ನೆಲ್ಲ ಇಲ್ಲೇಕೆ ಬರೆಯುತ್ತಿದ್ದೇನೆ ಅಂದರೆ, ತೆರಿಗೆಯೂ ಒಂದು ಮಲ್ಟಿಪ್ಲೈಯರ್. 2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅಂದರೆ 1.28 ಪಟ್ಟು 1.18 ಆಯಿತು. 'ಎಸಿ ಹತ್ತು ಪರ್ಸೆಂಟ್ ಅಗ್ಗ' ಅನ್ನುವವರೂ ಉಂಟು, 'ತೆರಿಗೆ ಮೂರನೇ ಒಂದಕ್ಕಿಂತ ಹೆಚ್ಚು ಕಡಿತ' ಅನ್ನುವವರೂ ಉಂಟು. ಎರಡನೆಯದು ತೆರಿಗೆಯ ಮಟ್ಟಿಗೆ ನಿಜ. ಮೊದಲನೆಯದು ನಿಜವಲ್ಲ. ತೆರಿಗೆ ಬಿಟ್ಟು 40,000 ರೂಪಾಯಿ ಇರುವ ಎಸಿಗೆ ಮೊದಲು 51,200 ಕೊಡಬೇಕಿತ್ತು, ಈಗ 47,200. ಉಳಿದದ್ದು 4,000, ಅಂದರೆ ಸುಮಾರು ಶೇ 7.8. ಅದೂ ಅಂಗಡಿಯವರು ಮೂಲ ಬೆಲೆಯನ್ನು ಮುಟ್ಟದಿದ್ದರೆ.

ನಾಳೆ ಅದೇ ತೆರಿಗೆ ಮತ್ತೆ 28ಕ್ಕೆ ಹೋದರೆ? ಬೆಲೆ ಏರುವುದು ಶೇ 7.8 ಅಲ್ಲ, ಸುಮಾರು 8.5.