ಅರ್ಧಕ್ಕೇ ನಿಂತ ಸುರಂಗದ ಲೆಕ್ಕ

ವಿಜ್ಞಾನದ ಹುಡುಗರು ಮಾತಾಡುವಾಗ ಕಾಮರ್ಸಿನವನು ಬಾಯಿ ಹಾಕಬಾರದು ಎಂಬುದು ನಮ್ಮ ಸಂಘದ ಅಲಿಖಿತ ನಿಯಮ. ಆದರೂ ಹಾಕುತ್ತಿದ್ದೇನೆ. ಕಳೆದ ಸಭೆಯಲ್ಲಿ ಗೆಳೆಯನೊಬ್ಬ, "ರಾಜಕಾರಣಿಗಳಿಗೆ ವಿಜ್ಞಾನ ಏನು ತಿಳೀತದೆ? ದುಡ್ಡು ಕೊಟ್ಟು ಸುಮ್ಮನಿರಬೇಕಪ್ಪ" ಎಂದ. ಉದಾಹರಣೆಗೆ ಅಮೆರಿಕದ ಸೂಪರ್‌ಕಂಡಕ್ಟಿಂಗ್ ಸೂಪರ್ ಕೊಲೈಡರ್ ಕಥೆ ಹೇಳಿದ. ಅದೇ ಕಥೆಯನ್ನು ನಾನು ಖಾತೆ ಪುಸ್ತಕದ ಕಡೆಯಿಂದ ನೋಡಿದ್ದೇನೆ.

ಟೆಕ್ಸಾಸ್ ರಾಜ್ಯದ ವಾಕ್ಸಹಾಚಿ ಊರಿನ ಸುತ್ತ, ನೆಲದಡಿಯಲ್ಲಿ 87 ಕಿಲೋಮೀಟರ್ ಉದ್ದದ ಉಂಗುರದಂಥ ಸುರಂಗ. ಅದರೊಳಗೆ ಪ್ರೋಟಾನುಗಳನ್ನು ಎದುರುಬದುರು ಓಡಿಸಿ ಡಿಕ್ಕಿ ಹೊಡೆಸಿದರೆ ಹೊಸ ಕಣಗಳು ಸಿಗಬಹುದೆಂಬ ಆಸೆ. 1987ರಲ್ಲಿ ಅಧ್ಯಕ್ಷ ರೇಗನ್ ಒಪ್ಪಿಗೆ ಕೊಟ್ಟಾಗಿನ ಅಂದಾಜು ಸುಮಾರು 440 ಕೋಟಿ ಡಾಲರ್. ಆಮೇಲೆ ಅಯಸ್ಕಾಂತದ ಕೊಳವೆಯ ರಂಧ್ರ 4 ಸೆಂಟಿಮೀಟರ್ ಸಾಲದು, 5 ಬೇಕು ಎಂದಾಯಿತು. ಇಂಥ ಬದಲಾವಣೆಗಳಿಂದ 1991ಕ್ಕೆ ಅಂದಾಜು 825 ಕೋಟಿಗೆ ಏರಿತು.

ಅಲ್ಲಿನ ಪದ್ಧತಿಯಲ್ಲಿ ಹಣಕ್ಕೆ ಪ್ರತಿವರ್ಷ ಹೊಸದಾಗಿ ಮಂಜೂರಾತಿ ಬೇಕು. ಹತ್ತು ವರ್ಷದ ಕೆಲಸಕ್ಕೆ ಒಂದೊಂದು ವರ್ಷದ ಚೀಟಿ! ಒಂದು ವರ್ಷ ಕಡಿಮೆ ಕೊಟ್ಟರೆ ಕೆಲಸ ಮುಂದಕ್ಕೆ ಹೋಗುತ್ತದೆ, ಆದರೆ ಸಂಬಳ, ಬಾಡಿಗೆ ನಿಲ್ಲೋದಿಲ್ಲ. ಮನೆ ಕಟ್ಟಿಸಿದವರನ್ನು ಕೇಳಿ, ಹೇಳ್ತಾರೆ. 1993ರಲ್ಲಿ ಕ್ಲಿಂಟನ್ ಸರ್ಕಾರ ವರ್ಷದ ಹೊರೆ ಇಳಿಸಲು ಕಾಮಗಾರಿಯನ್ನು ಮೂರು ವರ್ಷ ಎಳೆಯಲು ಹೊರಟಿತು. ಒಟ್ಟು ವೆಚ್ಚ 1100 ಕೋಟಿ ಸಮೀಪ ಹೋಯಿತು. ಉಳಿತಾಯದ ಹೆಸರಿನಲ್ಲೇ ಖರ್ಚು ಬೆಳೆದದ್ದು ಹೀಗೆ.

ಇನ್ನು ಜಮೆಯ ಕಡೆ. ಹೊರದೇಶಗಳಿಂದ 170 ಕೋಟಿ ಡಾಲರ್ ಬರುತ್ತದೆಂದು ನಂಬಿದ್ದರು. ಜಪಾನ್ ಕೊನೆಗೂ ಕೈ ಬಿಚ್ಚಲಿಲ್ಲ. ನಮ್ಮ ಭಾರತ 5 ಕೋಟಿ ಡಾಲರಿನ ನೆರವು ಕೊಡುವುದಾಗಿ ಹೇಳಿತ್ತು ಎಂಬುದು ನನಗೆ ಆಶ್ಚರ್ಯ ತಂದ ಸಂಗತಿ. ಆದರೆ ಊರು, ನಕ್ಷೆ, ಯಜಮಾನಿಕೆ ಎಲ್ಲ ತಾವೇ ತೀರ್ಮಾನಿಸಿ ಆಮೇಲೆ ಪಾಲುದಾರರನ್ನು ಕರೆದರೆ ಯಾರು ಬರುತ್ತಾರೆ? ಬರಬೇಕಾದ ಬಾಕಿಯನ್ನು ಬಂದ ಹಣ ಅಂತ ಬರೆದರೆ ನಮ್ಮ ಅಕೌಂಟೆನ್ಸಿ ಮೇಷ್ಟ್ರು ಸೊನ್ನೆ ಹಾಕುತ್ತಾರೆ.

1992ರಲ್ಲೇ ಪ್ರತಿನಿಧಿ ಸಭೆ ಯೋಜನೆ ಬೇಡವೆಂದಿತು, ಸೆನೆಟ್ ಉಳಿಸಿತು. 1993ರ ಜೂನ್ 23ರಂದು ಅದೇ ಸಭೆಯಲ್ಲಿ ಬಾಹ್ಯಾಕಾಶ ನಿಲ್ದಾಣ 216-215ರಲ್ಲಿ, ಒಂದೇ ಒಂದು ಮತದಿಂದ ಬದುಕಿತು. ಮರುದಿನ ಕೊಲೈಡರ್ ಸರದಿ: ನಿಲ್ಲಿಸಿ ಎಂದವರು 280, ಬೇಡವೆಂದವರು 150. ನಿಲ್ದಾಣದ ಕೆಲಸ ಹಲವು ರಾಜ್ಯಗಳಿಗೆ ಹಂಚಿಹೋಗಿತ್ತು, ಸುರಂಗ ಟೆಕ್ಸಾಸಿನದು ಮಾತ್ರ. ಜಾಗ ಆರಿಸುವ ಮೊದಲು 25 ರಾಜ್ಯಗಳು ನಮಗೆ ಬೇಕು ಎಂದಿದ್ದವು. ಟೆಕ್ಸಾಸಿಗೆ ಹೋದ ಮೇಲೆ ಉಳಿದವರ ಉತ್ಸಾಹ ಇಳಿಯಿತು. ಹಾಗಾಗಿ ಸದಸ್ಯರೆಲ್ಲ ಲೆಕ್ಕ ನೋಡಿಯೇ ಮತ ಹಾಕಿದರು ಅಂತ ನಾನೂ ಹೇಳಲಾರೆ. ಅಕ್ಟೋಬರಿನಲ್ಲಿ ಯೋಜನೆ ಮುಗಿಯಿತು. ಆ ಹೊತ್ತಿಗೆ ಸುಮಾರು 200 ಕೋಟಿ ಡಾಲರ್ ಖರ್ಚಾಗಿತ್ತು, 23 ಕಿಲೋಮೀಟರ್ ಸುರಂಗ ಕೊರೆದಾಗಿತ್ತು.

ಗೆಳೆಯನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಸಂಸತ್ತು ಪ್ರಶ್ನೆ ಕೇಳಿದ್ದು ತಪ್ಪಲ್ಲ, ತಡವಾಗಿ ಕೇಳಿದ್ದು ತಪ್ಪು. ನಕ್ಷೆ ಗಟ್ಟಿಯಾಗಿದೆಯೇ, ಪಾಲುದಾರರ ಸಹಿ ಬಿದ್ದಿದೆಯೇ ಎಂದು ಗುದ್ದಲಿ ಹಾಕುವ ಮೊದಲೇ ಕೇಳಿದ್ದರೆ ಸಾಕಿತ್ತು. ಯುರೋಪಿನ ಸರ್ನ್‌ನಲ್ಲಿ ಸದಸ್ಯ ದೇಶಗಳ ವಂತಿಗೆ ಒಪ್ಪಂದದಿಂದ ಬರುತ್ತದೆ, ಯಾವ ಒಂದು ಸಂಸತ್ತೂ ಒಂದು ಸಂಜೆಯ ಮತದಿಂದ ಅದನ್ನು ಮುಚ್ಚಲಾರದು. 27 ಕಿಲೋಮೀಟರಿನ ಅಲ್ಲಿನ ಯಂತ್ರ 2012ರಲ್ಲಿ ಹಿಗ್ಸ್ ಕಣ ಕಂಡಿತು.

ನಮ್ಮಲ್ಲೇನು? ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಈಟರ್ ಸಮ್ಮಿಲನ ಯಂತ್ರದ ನಿರ್ಮಾಣದಲ್ಲಿ, 2006ರ ಒಪ್ಪಂದದಂತೆ, ಭಾರತದ ಪಾಲು ಸುಮಾರು ಶೇಕಡಾ 9. ಹೆಚ್ಚಿನದು ಯಂತ್ರಭಾಗಗಳ ರೂಪದಲ್ಲಿ. ಈ ಹಣ ಅಣುಶಕ್ತಿ ಇಲಾಖೆಯ ಬೇಡಿಕೆಯೊಳಗೆ ಬರುತ್ತದೆ. ಲೋಕಸಭೆಯಲ್ಲಿ ಎಷ್ಟೋ ಇಲಾಖೆಗಳ ಬೇಡಿಕೆಗಳು ಕೊನೆಯ ದಿನ ಚರ್ಚೆಯಿಲ್ಲದೆ ಒಟ್ಟಿಗೆ ಪಾಸಾಗುತ್ತವೆ. ಅದಕ್ಕೆ ಗಿಲೊಟಿನ್ ಎನ್ನುತ್ತಾರೆ. ಬೇಡಿಕೆಗಳನ್ನು ಮೊದಲೇ ಕೂತು ಓದಲೆಂದು ಇಲಾಖಾವಾರು ಸ್ಥಾಯಿ ಸಮಿತಿಗಳನ್ನು ಮಾಡಿದ್ದು, ನೋಡಿ, ಅದೇ 1993ರಲ್ಲಿ. ಆ ಸಮಿತಿಗಳ ವರದಿಗಳು ಯಾರಿಗೂ ಸಿಗುತ್ತವೆ. ಗೆಳೆಯನಿಗೆ ಒಂದನ್ನು ಓದಲು ಕೊಟ್ಟಿದ್ದೇನೆ. ಅವನ ಉತ್ತರಕ್ಕೆ ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಬಿಡಬೇಕೆಂದು ಸಂಪಾದಕರಲ್ಲಿ ಕೇಳಿಕೊಂಡಿದ್ದೇನೆ.