ಬಿಲ ತೋಡುವವು ಬೆಳೆಸಿದ ಹುಲ್ಲುಗಾವಲು

ಹೊಲದ ಬದುವಿನಲ್ಲಿ ಇಲಿ ತೋಡಿದ ಬಿಲದ ಬಾಯನ್ನು ಒಮ್ಮೆ ಕುಕ್ಕರಗಾಲಲ್ಲಿ ಕೂತು ನೋಡಿ. ಹೊರಗೆ ಬಿದ್ದ ಮಣ್ಣಿನ ಬಣ್ಣ ಸುತ್ತಲಿನ ಮಣ್ಣಿನದಲ್ಲ. ಕೈಯಲ್ಲಿ ಹಿಡಿದರೆ ಜರಡಿ ಹಿಡಿದಷ್ಟು ಸಡಿಲ. ಎರಡು ಮಳೆ ಬಿದ್ದ ಮೇಲೆ ಅದರ ಮೇಲೆ ಏಳುವ ಮೊಳಕೆಗಳೂ ಎಷ್ಟೋ ಸಲ ಪಕ್ಕದ ಹುಲ್ಲಿನವಾಗಿರುವುದಿಲ್ಲ. ಇಂಥ ಸಾವಿರಾರು ಬಿಲಗಳು ಒಂದೇ ಬಯಲಿನಲ್ಲಿ ಹತ್ತಾರು ವರ್ಷ ಇದ್ದರೆ ಏನಾಗುತ್ತದೆ? ಇದಕ್ಕೆ ಉತ್ತರ ಚೆನ್ನಾಗಿ ಸಿಗುವುದು ಉತ್ತರ ಅಮೆರಿಕದ ಪ್ರೇರಿ ಹುಲ್ಲುಗಾವಲಿನಲ್ಲಿ.

ಅಲ್ಲಿನ ಪ್ರೇರಿ ಡಾಗ್ ಹೆಸರಿಗಷ್ಟೇ ನಾಯಿ. ಅಳಿಲಿನ ಬಳಗದ, ಸುಮಾರು ಒಂದು ಕಿಲೋ ತೂಗುವ ಪ್ರಾಣಿ ಅದು. ಅಪಾಯ ಕಂಡರೆ ಬೊಗಳಿದಂತೆ ಕೂಗುವುದರಿಂದ ಆ ಹೆಸರು ಬಂತು. ಕುಟುಂಬಗಳು ಕೇರಿಗಳ ಹಾಗೆ ಒತ್ತೊತ್ತಾಗಿ ನೆಲೆಸುತ್ತವೆ. ಹೀಗಾಗಿ ಜನ ಅಂಥ ನೆಲೆಯನ್ನು ‘ಟೌನ್’ ಎಂದೇ ಕರೆಯುತ್ತಾರೆ.

ಬಿಲಕ್ಕೆ ಎರಡು ಬಾಯಿ ಇದ್ದರೆ ಒಂದರ ಸುತ್ತ ಅಗಲವಾದ ತಗ್ಗು ದಿಬ್ಬ, ಇನ್ನೊಂದರ ಸುತ್ತ ಬಾವಿಕಟ್ಟೆಯಂತೆ ಎದ್ದ ಅಂಚು. ಮಳೆ ನಿಂತ ಮೇಲೆ ಪ್ರಾಣಿಗಳು ಹೊರಬಂದು ಒದ್ದೆ ಮಣ್ಣನ್ನು ಕೆರೆದು ಅಂಚಿಗೆ ಒಟ್ಟಿ, ಮೂತಿಯಿಂದ ಕುಟ್ಟಿ ಕುಟ್ಟಿ ಗಟ್ಟಿ ಮಾಡುತ್ತವೆ. ಒಣಗಿದ ಕಟ್ಟೆಯ ಮೇಲೆ ಮೂಗಿನ ಗುರುತುಗಳು ಅಚ್ಚೊತ್ತಿದಂತೆ ಉಳಿಯುತ್ತವೆ. ಎತ್ತರದ ಬಾಯಿಯ ಮೇಲೆ ಗಾಳಿ ಜೋರಾಗಿ ಹಾಯುವಾಗ ಒಳಗಿನ ಗಾಳಿಯನ್ನು ಸೆಳೆದುಕೊಳ್ಳುತ್ತದೆ, ತಗ್ಗಿನ ಬಾಯಿಯಿಂದ ಹೊಸ ಗಾಳಿ ಒಳಗೆ ಬರುತ್ತದೆ. 1973ರಲ್ಲಿ ವಿಜ್ಞಾನಿಗಳು ಇದನ್ನು ಪ್ರಯೋಗದಿಂದ ತೋರಿಸಿದರು. ಮಳೆನೀರು ಒಳನುಗ್ಗದಂತೆ ತಡೆಯುವ ಒಡ್ಡೂ ಆ ಕಟ್ಟೆಯೇ.

ಗಿಡಗಳ ಮಟ್ಟಿಗೆ ಮಾತ್ರ ಆ ದಿಬ್ಬ ಎಂದರೆ ಖಾಲಿ ನೆಲ. ಒಂದು ಬಿಲ ತೋಡುವಾಗ ಸುಮಾರು 200 ಕಿಲೋ ಮಣ್ಣು ಬುಡಮೇಲಾಗುತ್ತದೆ. ಅಡಿಮಣ್ಣು ಮೇಲೆ ಬರುತ್ತದೆ, ಹಿಕ್ಕೆ ಮತ್ತು ಕತ್ತರಿಸಿದ ಹುಲ್ಲು ಅದರೊಡನೆ ಬೆರೆಯುತ್ತವೆ, ಬೇರುಗಳ ಹೆಣಿಗೆ ಹರಿಯುತ್ತದೆ. ಹಳೆಯ ಹುಲ್ಲಿನ ಬೇರುಗಳು ದಟ್ಟವಾಗಿ ಹಿಡಿದಿದ್ದ ಜಾಗದಲ್ಲಿ ಸಣ್ಣ ಬೀಜಕ್ಕೆ ಕಾಲೂರಲು ಎಡೆ ಸಿಗುವುದು ಇಂಥ ಕಡೆ ಮಾತ್ರ. ಮೊದಲು ಬರುವವು ಒಂದೇ ವರ್ಷ ಬಾಳುವ ಗಿಡಗಳು. ಅವುಗಳಲ್ಲಿ ಒಂದು ಚೆಂಡುಹೂವಿನ ಬಳಗದ ವಾಸನೆಗಿಡ. ಬಿಲಗಳ ಸುತ್ತ ಅದು ಎಷ್ಟು ಸಾಮಾನ್ಯವೆಂದರೆ ಅದಕ್ಕೆ ‘ಪ್ರೇರಿ ಡಾಗ್ ಕಳೆ’ ಎಂಬ ಅಡ್ಡಹೆಸರೇ ಬಿದ್ದಿದೆ.

ತೋಡುವುದು ಅರ್ಧ ಕೆಲಸ. ಇನ್ನರ್ಧ ಹಲ್ಲಿನದು. ತೋಳ ಜಾತಿಯ ಕೊಯೋಟಿ, ತರಕರಡಿಯಂಥ ಬ್ಯಾಡ್ಜರ್, ಮೇಲಿಂದ ಎರಗುವ ಹದ್ದು, ಇವೆಲ್ಲ ದೂರದಿಂದಲೇ ಕಾಣಬೇಕು. ಅದಕ್ಕಾಗಿ ಪ್ರೇರಿ ಡಾಗ್‌ಗಳು ತಾವು ತಿನ್ನದ ಎತ್ತರದ ಗಿಡಗಳನ್ನೂ ಬುಡದಲ್ಲಿ ಕಡಿದು ಬಿಸಾಡುತ್ತವೆ. ವರ್ಷಗಟ್ಟಲೆ ಹೀಗೆ ಕಡಿಸಿಕೊಂಡರೆ ಎತ್ತರದ ಹುಲ್ಲು ಸೋಲುತ್ತದೆ. ನಮ್ಮ ಗರಿಕೆಯಂತೆ ನೆಲಕ್ಕಂಟಿ ಹಬ್ಬುವ ಬಫೆಲೋ ಹುಲ್ಲಿನಂಥವು ಗೆಲ್ಲುತ್ತವೆ. ಇಲ್ಲಿ ಯಾವ ಹುಲ್ಲು ಉಳಿಯಬೇಕು ಎಂಬುದನ್ನು ಮಣ್ಣು ಮಳೆಗಳ ಜೊತೆಗೆ ಒಂದು ಕಿಲೋ ತೂಕದ ಪ್ರಾಣಿಯೂ ನಿರ್ಧರಿಸುತ್ತದೆ. ಈ ವಿಷಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ.

ಹಳೆಯ ಟೌನಿನ ಹೊರಗಿನಿಂದ ನಡುವಿನವರೆಗೆ ನಡೆದರೆ ಕಾಲ ಕಣ್ಣಿಗೆ ಕಾಣುತ್ತದೆ. ಹೊರಗೆ ಮೊಣಕಾಲೆತ್ತರದ ಹುಲ್ಲು. ಅಂಚಿನಲ್ಲಿ, ಪ್ರಾಣಿಗಳು ಹೊಸದಾಗಿ ಬಂದ ಕಡೆ, ಗಿಡ್ಡ ಎಳೆಹುಲ್ಲು. ಬಹುಕಾಲದಿಂದ ನೆಲೆಸಿದ ನಡುಭಾಗದಲ್ಲಿ ಹುಲ್ಲೇ ವಿರಳ. ಅಲ್ಲಿ ಅಗಲೆಲೆಯ ಗಿಡಗಳದ್ದೇ ರಾಜ್ಯ, ಜೊತೆಗೆ ನಮ್ಮ ದವನದ ಕುಲಕ್ಕೇ ಸೇರಿದ ಬೂದುಬಣ್ಣದ ಪುಟ್ಟ ಪೊದೆ. ಸಸ್ಯಜಾತಿಗಳ ಸಂಖ್ಯೆ ಅತಿ ಹೆಚ್ಚಾಗಿರುವುದು ಅಂಚಿಗೂ ನಡುಭಾಗಕ್ಕೂ ನಡುವಿನ ವಲಯದಲ್ಲಿ, ಹಳಬರು ಪೂರ್ತಿ ಹೋಗಿರದ, ಹೊಸಬರು ಆಗಲೇ ಬಂದಿರುವ ಜಾಗದಲ್ಲಿ.

ದಕ್ಷಿಣ ಡಕೋಟಾದ ವಿಂಡ್ ಕೇವ್ ರಾಷ್ಟ್ರೀಯ ಉದ್ಯಾನದಲ್ಲಿ ಇದನ್ನು ಅಳೆದು ನೋಡಿದರು. ಮತ್ತೆ ಮತ್ತೆ ಕಡಿಸಿಕೊಂಡು ಚಿಗುರುವ ಹುಲ್ಲು ಸದಾ ಎಳೆಯದು, ಅದರಲ್ಲಿ ಸಾರಜನಕ ಹೆಚ್ಚು. ಕಾಡೆಮ್ಮೆ ಜಾತಿಯ ಬೈಸನ್ ಹಿಂಡು ಹೊರಗಿನ ಸಮೃದ್ಧ ಹುಲ್ಲನ್ನು ಬಿಟ್ಟು ಟೌನಿಗೆ ಬಂದು ಮೇಯುವುದು ಅದಕ್ಕೇ. ಜಿಂಕೆಯಂಥ ಪ್ರಾಂಗ್‌ಹಾರ್ನ್ ಅಗಲೆಲೆಯ ಗಿಡಗಳಿಗಾಗಿ ನಡುಭಾಗಕ್ಕೆ ಹೋಗುತ್ತದೆ. ಅವುಗಳ ಸಗಣಿ, ಗಂಜಲ ಅಲ್ಲೇ ಬೀಳುತ್ತವೆ. ಹುಲ್ಲು ಮತ್ತೆ ಚಿಗುರುತ್ತದೆ.

ದನ ಸಾಕುವವರ ಲೆಕ್ಕ ಬೇರೆ ಇತ್ತು. ಅಮೆರಿಕ ಸರ್ಕಾರದ ಜೀವವಿಜ್ಞಾನಿ ಸಿ. ಹಾರ್ಟ್ ಮೆರಿಯಮ್ 1902ರಲ್ಲಿ 256 ಪ್ರೇರಿ ಡಾಗ್‌ಗಳು ಒಂದು ಹಸು ತಿನ್ನುವಷ್ಟು ಮೇಯುತ್ತವೆ ಎಂದು ಬರೆದರು. ಇಂಥ ಲೆಕ್ಕ ಹಿಡಿದು ಜನ ವಿಷ ಬೆರೆಸಿದ ಕಾಳನ್ನು ಬಿಲಬಿಲಕ್ಕೂ ಸುರಿದರು. ಅದರ ಮೇಲೆ ಹೊರಗಿನಿಂದ ಬಂದ ಪ್ಲೇಗ್ ಬೇರೆ. ಪ್ರೇರಿ ಡಾಗ್‌ಗಳನ್ನೇ ತಿಂದು ಬದುಕುವ ಕಪ್ಪು ಕಾಲಿನ ಫೆರೆಟ್ 1987ರ ಹೊತ್ತಿಗೆ ಕೇವಲ 18 ಉಳಿದಿತ್ತು. ದನದವರ ದೂರಿನಲ್ಲಿ ಹುರುಳಿಲ್ಲ ಎನ್ನಲಾರೆ. ಟೌನಿನಲ್ಲಿ ಮೇವಿನ ಸತ್ವ ಹೆಚ್ಚು, ಆದರೆ ರಾಶಿ ಕಡಿಮೆ. ಬರದ ವರ್ಷ ದನಕ್ಕೆ ರಾಶಿಯೇ ಬೇಕು. ತಪ್ಪಿದ್ದು ಎಲ್ಲಿ ಎಂದರೆ, ಆ ಪ್ರಾಣಿ ತಿಂದ ಹುಲ್ಲನ್ನು ಎಣಿಸಿದರು, ತಡೆದು ನಿಲ್ಲಿಸಿದ್ದನ್ನು ಎಣಿಸಲಿಲ್ಲ.

ತಡೆದು ನಿಲ್ಲಿಸಿದ್ದು ಮೆಸ್ಕೀಟ್ ಎಂಬ ಮುಳ್ಳುಮರವನ್ನು. ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ದಾಯಾದಿ ಅದು. ಬಳ್ಳಾರಿ ಜಾಲಿಯೂ ಅಮೆರಿಕ ಖಂಡದಿಂದಲೇ ಇಲ್ಲಿಗೆ ಬಂದದ್ದು. ಎರಡರ ಕಾಯಿಯೂ ಸಿಹಿ. ದನ ತಿಂದು, ಸಗಣಿಯೊಡನೆ ಬೀಜವನ್ನು ಬಯಲು ತುಂಬ ಬಿತ್ತುತ್ತದೆ. ಟೆಕ್ಸಸ್‌ನಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ಟೌನುಗಳ ಒಳಗೆ ಆಗುವುದನ್ನು ಹತ್ತಿರದಿಂದ ನೋಡಿತು. ಪ್ರೇರಿ ಡಾಗ್‌ಗಳು ಮತ್ತು ಅವುಗಳ ಜೊತೆ ಬದುಕುವ ಸಣ್ಣ ಪ್ರಾಣಿಗಳು ಬಿದ್ದ ಕಾಯಿ, ಬೀಜಗಳನ್ನು ಹೊತ್ತೊಯ್ಯುತ್ತವೆ. ತಪ್ಪಿಸಿಕೊಂಡು ಮೊಳೆತ ಸಸಿಯನ್ನು ಕಡಿದು ಹಾಕುತ್ತವೆ. ಪ್ರೇರಿ ಡಾಗ್‌ಗಳನ್ನು ತೆಗೆದುಹಾಕಿದ ಕಡೆ ಹಳೆಯ ನೆಲೆಗಳನ್ನು ಮೆಸ್ಕೀಟ್ ಮುಚ್ಚಿಕೊಂಡಿತು.

ನಮ್ಮ ಬಯಲುಸೀಮೆಯ ಕಾವಲುಗಳಲ್ಲಿ, ಕೆರೆಯಂಗಳಗಳಲ್ಲಿ ಬಳ್ಳಾರಿ ಜಾಲಿ ಕಡಿಸಿ ಸೋತವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಬುಡಕ್ಕೆ ಕೊಡಲಿ ಹಾಕಿದರೆ ಅದೇ ಬುಡದಿಂದ ಹತ್ತು ಚಿಗುರು ಏಳುತ್ತವೆ. ಜೆಸಿಬಿ ತಂದು ಬೇರು ಕೀಳಿಸಿದರೂ ಮಣ್ಣಲ್ಲಿ ಉಳಿದ ಬೀಜ ಮುಂದಿನ ಮಳೆಗೆ ಮೊಳೆಯುತ್ತದೆ. ಅಲ್ಲಿ ಪ್ರೇರಿ ಡಾಗ್ ಅದೇ ಬಳಗದ ಮರವನ್ನು ಬೆರಳುದ್ದದ ಸಸಿಯಾಗಿದ್ದಾಗಲೇ, ಮುಳ್ಳು ಬಲಿಯುವ ಮುಂಚೆ, ದಿನದ ಮೇವಿನ ನಡುವೆ ಕಚಕ್ಕನೆ ಕಡಿದು ಮುಂದೆ ಹೋಗುತ್ತಿತ್ತು.