ಅಜ್ಜನ ಮನೆಯ ಜೋಡು ನಳಿಗೆ ಕೋವಿ



ನಿಮ್ಮಲ್ಲಿ ಹೆಚ್ಚಿನವರು ಹುಟ್ಟಿ ಬೆಳೆದದ್ದು ಈ ಮಹಾನಗರಿಯಲ್ಲೇ. ಡೊಂಬಿವಲಿಯಲ್ಲೋ, ಮುಲುಂಡಿನಲ್ಲೋ, ಮೀರಾರೋಡಿನಲ್ಲೋ. ಊರೆಂದರೆ ನಿಮಗೆ ಮೇ ತಿಂಗಳ ರಜೆ, ಕೊಂಕಣ ರೈಲು, ಹಲಸಿನ ಹಣ್ಣು ಮತ್ತು ಅಜ್ಜನ ಮನೆ. ಆ ಮನೆಯ ಚಾವಡಿಯ ಗೋಡೆಯಲ್ಲೋ, ಒಳಕೋಣೆಯ ಕಪಾಟಿನಲ್ಲೋ ಒಂದು ಹಳೆಯ ಕೋವಿಯನ್ನು ಕೆಲವರಾದರೂ ಕಂಡಿರಬಹುದು. ತುಳುವರು ಅದನ್ನೇ ಬೆಡಿ ಎನ್ನುತ್ತಾರೆ. ಎರಡು ನಳಿಗೆಗಳು ಅಕ್ಕಪಕ್ಕ ಮಲಗಿರುತ್ತವೆ, ಕೆಳಗೆ ಎರಡು ಟ್ರಿಗರ್. "ಮುಟ್ಟಬೇಡ" ಎಂಬ ಮಾತೊಂದನ್ನು ಬಿಟ್ಟರೆ ಅದರ ಬಗ್ಗೆ ನಿಮಗೆ ಯಾರೂ ಏನೂ ಹೇಳಿರಲಾರರು. ಹೇಳಿದ್ದರೆ ಶಿಕಾರಿಯ ಕಥೆ ಹೇಳಿರುತ್ತಾರೆ. ಆ ಕಥೆಗಳಲ್ಲಿ ಹಂದಿಗಳು ವರ್ಷದಿಂದ ವರ್ಷಕ್ಕೆ ದೊಡ್ಡವಾಗುತ್ತಾ ಹೋಗುತ್ತವೆ!

ಅಜ್ಜನ ಕಾಲಾನಂತರ ಆ ಕೋವಿಯನ್ನು ಏನು ಮಾಡುವುದೆಂಬ ಪ್ರಶ್ನೆ ಒಂದಲ್ಲ ಒಂದು ದಿನ ನಿಮ್ಮ ಮುಂದೆಯೇ ಬರುತ್ತದೆ. ಆದ್ದರಿಂದ ಅದು ಏನು, ಯಾತಕ್ಕಾಗಿ ಮಾಡಿದ್ದು ಎಂಬುದನ್ನು ಈಗಲೇ ತಿಳಿದಿರುವುದು ಒಳ್ಳೆಯದು.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ದೂರ ಮಾಡೋಣ. ಸಿನಿಮಾದಲ್ಲಿ ಹುಲಿ ಹೊಡೆಯುವ ಬಂದೂಕು ಇದಲ್ಲ. ಅದು ರೈಫಲ್; ಅದರ ನಳಿಗೆಯ ಒಳಗೆ ತಿರುಚಿದ ಗೀರುಗಳಿರುತ್ತವೆ, ಒಂದೇ ಗುಂಡು ತಿರುಗುತ್ತಾ ಬಹುದೂರ ಹೋಗುತ್ತದೆ. ಬೆಂಗಳೂರಿನ ಪ್ರಸಿದ್ಧ ಬೇಟೆಗಾರ ಕೆನೆತ್ ಆಂಡರ್ಸನ್ ನರಭಕ್ಷಕಗಳ ಬೆನ್ನು ಹತ್ತಿದ್ದು ಅಂಥ ರೈಫಲ್ ಹಿಡಿದು. ನಮ್ಮ ಜೋಡು ನಳಿಗೆಯ ಒಳಮೈ ಕನ್ನಡಿಯಂತೆ ನುಣುಪು. ಅದರಿಂದ ಹೊರಡುವುದು ಒಂದು ಗುಂಡಲ್ಲ, ಒಂದು ಹಿಡಿ ಸೀಸದ ಚರೆ. ಓಡುವ ಮೊಲಕ್ಕೆ, ಹಾರುವ ಹಕ್ಕಿಗೆ ಒಂದೇ ಗುಂಡನ್ನು ತಾಗಿಸುವುದು ಕಷ್ಟ. ಚರೆ ಹರಡಿಕೊಂಡು ಹೋಗುವುದರಿಂದ ಸಣ್ಣ ತಪ್ಪನ್ನು ಅದು ಸರಿದೂಗಿಸುತ್ತದೆ. ಆದರೆ ಸುಮಾರು ನಲವತ್ತು ಗಜ ದಾಟಿದರೆ ಚರೆಯ ನಡುವೆ ಸಂದು ಹೆಚ್ಚಿ, ಬಲ ಕುಗ್ಗಿ, ಪ್ರಾಣಿ ಸಾಯದೆ ಗಾಯಗೊಂಡು ಓಡುತ್ತದೆ. ದೂರದ ಈಡು ಹೊಡೆಯುವವನನ್ನು ಹಳೆಯ ಶಿಕಾರಿಗಳು ಜಾಣನೆಂದು ಕರೆಯುತ್ತಿರಲಿಲ್ಲ.

"ಹನ್ನೆರಡು ಬೋರು" ಎಂಬ ಮಾತನ್ನು ಕೇಳಿರುತ್ತೀರಿ. ಒಂದು ಪೌಂಡ್ ಸೀಸವನ್ನು ಸಮನಾದ ಹನ್ನೆರಡು ಗುಂಡುಗಳಾಗಿ ಎರಕ ಹೊಯ್ದರೆ ಅದರಲ್ಲೊಂದು ಈ ನಳಿಗೆಗೆ ಸರಿಹೊಂದುತ್ತದೆ ಎಂದು ಅರ್ಥ. ಹಾಗಾಗಿ ಇಪ್ಪತ್ತು ಬೋರಿನ ನಳಿಗೆ ಹನ್ನೆರಡಕ್ಕಿಂತ ಸಣ್ಣದು. ಲೆಕ್ಕ ತಲೆಕೆಳಗಾದಂತೆ ತೋರುತ್ತದೆ, ಆದರೆ ಸರಿಯಾಗಿದೆ.

ಎರಡು ನಳಿಗೆ ಏಕೆ? ಎರಡು ಸಲ ಹೊಡೆಯಲು ಎಂದು ನೀವು ಹೇಳುವಿರಿ. ಅರ್ಧ ಉತ್ತರ ಅಷ್ಟೆ. ಎರಡೂ ನಳಿಗೆಗಳು ಒಂದೇ ತರಹದವಲ್ಲ. ಎಡನಳಿಗೆಯ ಬಾಯಿಯನ್ನು ಸಾಮಾನ್ಯವಾಗಿ ತುಸು ಹೆಚ್ಚು ಕಿರಿದು ಮಾಡಿರುತ್ತಾರೆ. ಇದಕ್ಕೆ ಚೋಕ್ ಎನ್ನುತ್ತಾರೆ. ನಲವತ್ತು ಗಜದಾಚೆ ಮೂವತ್ತು ಅಂಗುಲ ಅಗಲದ ಒಂದು ವೃತ್ತ ಬರೆದರೆ, ಚೋಕ್ ಇಲ್ಲದ ನಳಿಗೆ ತನ್ನ ಚರೆಯಲ್ಲಿ ನೂರಕ್ಕೆ ಸುಮಾರು ನಲವತ್ತನ್ನು ಅದರೊಳಗೆ ಬೀಳಿಸುತ್ತದೆ, ಪೂರ್ತಿ ಚೋಕ್‌ನ ನಳಿಗೆ ಎಪ್ಪತ್ತನ್ನು. ಮುಂದಿನ ಟ್ರಿಗರ್ ಬಲನಳಿಗೆಗೆ, ಹಿಂದಿನದು ಎಡನಳಿಗೆಗೆ. ಕಾಲ ಬುಡದಿಂದ ಕಾಡುಕೋಳಿ ಬುರ್ರೆಂದು ಎದ್ದರೆ ಮೊದಲು ಹರಡುವ ಬಲನಳಿಗೆ. ಅದು ತಪ್ಪಿದರೆ, ಅಷ್ಟರಲ್ಲಿ ದೂರವಾದ ಹಕ್ಕಿಗೆ ಒತ್ತಾಗಿ ಹೋಗುವ ಎಡನಳಿಗೆ. ಹಳು ಸೋವುವವರು ಎಬ್ಬಿಸಿದ ಹಕ್ಕಿ ಎದುರಿನಿಂದ ಬರುತ್ತಿದ್ದರೆ ಲೆಕ್ಕ ತಿರುಗುಮುರುಗು: ಮೊದಲು ಎಡ, ಆಮೇಲೆ ಬಲ. ಬೆರಳನ್ನು ಅರ್ಧ ಅಂಗುಲ ಸರಿಸುವಷ್ಟರಲ್ಲಿ ಈ ತೀರ್ಮಾನ ಆಗಬೇಕು. ಎರಡೂ ಈಡು ಮುಗಿದ ಮೇಲೆ ಕೋವಿ ಬರೀ ಕಬ್ಬಿಣ ಮತ್ತು ಮರ. ಮೂರನೆಯ ಅವಕಾಶವಿಲ್ಲ ಎಂಬುದು ಆ ಕಾಲದ ಬೇಟೆಗೆ ತಾನಾಗಿ ಬಂದ ಒಂದು ಮಿತಿಯೂ ಆಗಿತ್ತು.

ಹಿಂದೆ ಊರಲ್ಲಿ ಹೆಚ್ಚಾಗಿ ಇದ್ದದ್ದು ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ. ತೋಟಾ ಕೋವಿ, ಅದರಲ್ಲೂ ವಿಲಾಯತಿಯದು, ಅನುಕೂಲಸ್ಥರ ಮನೆಯ ಮಾತು. ಬರ್ಮಿಂಗ್‌ಹ್ಯಾಮ್ ನಗರದ ಗ್ರೀನರ್, ವೆಬ್ಲಿ ಅಂಡ್ ಸ್ಕಾಟ್ ಮುಂತಾದ ಹೆಸರುಗಳನ್ನು ನಳಿಗೆಯ ಮೇಲೆ ಕಾಣಬಹುದು. ಹೊರಗೆ ಎರಡು ಕುದುರೆ ಎದ್ದು ನಿಂತಿದ್ದರೆ ಅದು ಹಳೆಯ ಮಾದರಿ. ಕುದುರೆಯನ್ನು ಒಳಗೇ ಅಡಗಿಸಿದ, ಕೋವಿಯನ್ನು ಮುರಿದು ತೆರೆದಾಗ ತಾನೇ ಏರಿ ನಿಲ್ಲುವ ಸರಳ ಯಂತ್ರವನ್ನು ಅದೇ ನಗರದ ವೆಸ್ಲಿ ರಿಚರ್ಡ್ಸ್ ಕಂಪನಿಯ ಆನ್ಸನ್ ಮತ್ತು ಡೀಲಿ 1875ರಲ್ಲಿ ರೂಪಿಸಿದರು. ಇಂದಿಗೂ ಅಕ್ಕಪಕ್ಕದ ನಳಿಗೆಯ ಕೋವಿಗಳಲ್ಲಿ ಬಹುಪಾಲು ಅದೇ ರೀತಿಯವು.

ಮುರಿದು ತೆರೆಯುವುದು ಎಂದೆನಲ್ಲ, ಈ ಕೋವಿಯ ದೊಡ್ಡ ಗುಣವೇ ಅದು. ನಡುವೆ ಬಾಗಿಸಿ ತೋಳಿನ ಮೇಲೆ ಹಾಕಿಕೊಂಡರೆ ಎರಡೂ ತೂತುಗಳಲ್ಲಿ ಬೆಳಕು ಕಾಣುತ್ತದೆ. ತೋಟಾ ಇಲ್ಲವೆಂದು ಎದುರಿನವನಿಗೂ ಗೊತ್ತಾಗುತ್ತದೆ. ಬೇಲಿ ದಾಟುವಾಗ, ತೋಡು ಹಾರುವಾಗ, ಮನೆಯೊಳಗೆ ಬರುವಾಗ ಕೋವಿ ಮುರಿದಿರಲೇಬೇಕು. ಊರಿನ ಶಿಕಾರಿ ಅವಘಡಗಳಲ್ಲಿ ಹೆಚ್ಚಿನವು ಪ್ರಾಣಿಯಿಂದ ಆದವಲ್ಲ. ಪೊದೆ ಅಲುಗಿತು, ಹಂದಿ ಎಂದುಕೊಂಡೆ ಎಂಬ ಮಾತಿನಲ್ಲಿ ಮುಗಿದುಹೋದ ಜೀವಗಳ ಸುದ್ದಿಯನ್ನು ಪತ್ರಿಕೆಗಳಲ್ಲಿ ಎಷ್ಟು ಸಲ ಓದಿಲ್ಲ!

ತುಳುನಾಡಿನಲ್ಲಿ ಕೆಡ್ಡಸದ ದಿನಗಳಲ್ಲಿ ಭೂಮಿಯನ್ನು ಅಗೆಯಬಾರದು. ಗಂಡಸರು ಬೇಟೆಗೆ ಹೋಗುವ ವಾಡಿಕೆಯಿತ್ತು. ಕೊಡಗಿನಲ್ಲಿ ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇಂದಿಗೂ ಇದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯಿದ್ದು, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಯಿತು. ಇದು ಕೋವಿ ಇಟ್ಟುಕೊಳ್ಳಲು ಕೊಟ್ಟ ವಿನಾಯಿತಿ, ಬೇಟೆಗೆ ಕೊಟ್ಟದ್ದಲ್ಲ.

ಏಕೆಂದರೆ ಬೇಟೆಯ ಕಾಲ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಮೊದಲು ಲೈಸೆನ್ಸ್ ಪಡೆದು ಕೆಲವು ಪ್ರಾಣಿಗಳನ್ನು ಬೇಟೆಯಾಡಲು ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಇನ್ನು ಮೇ ರಜೆಯಲ್ಲಿ ಸೋದರಮಾವನ ಮಗ "ರಾತ್ರಿ ಹೋಗೋಣ ಬಾ, ಒಂದು ಮೊಲ ಸಿಕ್ಕೀತು" ಎಂದು ಕರೆದರೆ ಅದು ಸಾಹಸವಲ್ಲ, ಜೈಲಿಗೆ ದಾರಿ. ನವಿಲಿನಂತಹ ಮೊದಲ ಪರಿಚ್ಛೇದದ ಪ್ರಾಣಿಯಾದರೆ ಕನಿಷ್ಠ ಮೂರು ವರ್ಷ. ಟಾರ್ಚ್ ಹಿಡಿದು ಜತೆಗೆ ಹೋದವನೂ ಆರೋಪಿಯಾಗಬಹುದು.

ಕೋವಿಯಿಂದ ಆಚೆಗೆ ಹೋದವರ ಒಂದು ದೊಡ್ಡ ಉದಾಹರಣೆ ನಮ್ಮ ಮುಂಬಯಿಯಲ್ಲೇ ಇದೆ. ಖೇತ್‌ವಾಡಿಯಲ್ಲಿ ಬೆಳೆದ ಸಲೀಂ ಅಲಿ ಎಂಬ ಹುಡುಗ ಏರ್‌ಗನ್‌ನಿಂದ ಒಂದು ಗುಬ್ಬಿಯನ್ನು ಹೊಡೆದ. ಅದರ ಕತ್ತಿನಲ್ಲಿ ಹಳದಿ ಮಚ್ಚೆ. ಇದೇನು ಹಕ್ಕಿ ಎಂದು ಕೇಳಲು 1908ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲರ್ಡ್ ಬಳಿ ಹೋದ; ಅವರು ಕಪಾಟು ತೆರೆದು ಸಂಗ್ರಹದ ಹಕ್ಕಿಗಳನ್ನೆಲ್ಲ ತೋರಿಸಿದರು. ಹುಡುಗ ಮುಂದೆ ದೇಶದ ಹಿರಿಯ ಪಕ್ಷಿತಜ್ಞನಾದ. 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ್ದೂ ಅವರೇ. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಗಲು ಅವರ ಮಾತೇ ಪ್ರೇರಣೆ. ಆ ಸಮೀಕ್ಷೆಯಲ್ಲಿ ಮಾದರಿಗಾಗಿ ಹಕ್ಕಿಗಳನ್ನು ಕೋವಿಯಿಂದಲೇ ಹೊಡೆದರು ಎಂಬುದನ್ನು ಮರೆಮಾಚಬೇಕಾಗಿಲ್ಲ. ಅಂದು ಶಾಸ್ತ್ರಕ್ಕೆ ಬೇರೆ ದಾರಿಯಿರಲಿಲ್ಲ. ಕಾಲಾಘೋಡಾದ ಸಮೀಪ ಸೊಸೈಟಿಯ ಹಾರ್ನ್‌ಬಿಲ್ ಹೌಸ್ ಇದೆ. ಅದರ ಮುಂದೆ ಹಾದುಹೋಗುವಾಗ ಒಮ್ಮೆ ತಲೆಯೆತ್ತಿ ನೋಡಿ.

ಜೋಡು ನಳಿಗೆಯ ಕೈಚಳಕವನ್ನೇ ಕಲಿಯಬೇಕೆಂಬ ಆಸೆಯಿದ್ದರೆ ಮಣ್ಣಿನ ಬಿಲ್ಲೆ ಹೊಡೆಯುವ ಕ್ರೀಡೆಯಿದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ರಾಥೋಡ್ ಬೆಳ್ಳಿ ಗೆದ್ದದ್ದು ಅದರಲ್ಲೇ. ಸ್ಪರ್ಧೆಗಳಲ್ಲಿ ಈಗ ಹೆಚ್ಚಾಗಿ ಬಳಸುವುದು ಮೇಲೊಂದು ಕೆಳಗೊಂದು ನಳಿಗೆಯ ಕೋವಿ.

ಈಗ ನಿಮ್ಮ ಕೋವಿಯ ವಿಷಯ. ಅಜ್ಜ ತೀರಿಕೊಂಡರೆ ಅವರ ಲೈಸೆನ್ಸ್ ನಿಮ್ಮದಾಗುವುದಿಲ್ಲ. "ಮನೆಯ ಕೋವಿ ತಾನೇ, ಇರಲಿ" ಎಂದು ಬೀಗ ಹಾಕಿ ಮುಂಬಯಿಗೆ ಹಿಂತಿರುಗಿದರೆ 1959ರ ಆಯುಧ ಕಾಯ್ದೆಯಂತೆ ಅದು ಅಪರಾಧ. ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಲೈಸೆನ್ಸಿರುವ ವ್ಯಾಪಾರಿಯಲ್ಲೋ ಠೇವಣಿ ಇಡಬೇಕು. ಬೇಕಾದರೆ ವಾರಸುದಾರರು ಲೈಸೆನ್ಸಿಗೆ ಅರ್ಜಿ ಹಾಕಬಹುದು, ಮಗಳೂ ವಾರಸುದಾರಳೇ. ಇಪ್ಪತ್ತೊಂದು ವರ್ಷ ತುಂಬಿರಬೇಕು, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕು. ಮುಂಬಯಿ ನಗರದ ನಿವಾಸಿಯಾದರೆ ಅರ್ಜಿ ಪೊಲೀಸ್ ಕಮಿಷನರ್ ಕಚೇರಿಗೆ. 2016ರ ನಿಯಮದಂತೆ ಅಜ್ಜನಿಗೆ ಎಪ್ಪತ್ತು ತುಂಬಿದ್ದರೆ, ಅಥವಾ ಕೋವಿ ಇಪ್ಪತ್ತೈದು ವರ್ಷ ಅವರ ಬಳಿ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರನ್ನು ಸೂಚಿಸಬಹುದು. ಎಲ್ಲರೂ ಸೇರುವ ಹಬ್ಬದ ದಿನ ಈ ಮಾತು ಎತ್ತಿದರೆ ಮುಂದಿನ ಓಡಾಟ ಅರ್ಧ ಕಡಿಮೆಯಾದೀತು. ಬೇಡವೆನಿಸಿದರೆ ಲೈಸೆನ್ಸ್ ಉಳ್ಳವರಿಗೆ ಕ್ರಮಬದ್ಧವಾಗಿ ಮಾರುವುದೂ ತಪ್ಪಲ್ಲ. ತೋಟದ ಬೆಳೆ ಕಾಯುವ ಚಿಕ್ಕಪ್ಪ ಊರಲ್ಲೇ ಇದ್ದರೆ ಕೋವಿ ಅವರ ಹೆಸರಿಗೆ ಹೋಗುವುದೇ ನ್ಯಾಯ ಎಂದು ನನ್ನ ಅಭಿಪ್ರಾಯ. ಪ್ರತಿ ಚುನಾವಣೆಗೂ ಅದನ್ನು ಠಾಣೆಗೆ ಹೊತ್ತು ಒಪ್ಪಿಸುವ ಕಷ್ಟ ಅವರಿಗೆ ಅಭ್ಯಾಸವಾಗಿರುತ್ತದೆ!

ಇಟ್ಟುಕೊಳ್ಳುವುದೇ ಆದರೆ ಒಂದು ಎಚ್ಚರಿಕೆ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ತೋಟಾ ಕೂರುವ ಕೋಣೆ ಹೆಚ್ಚಾಗಿ ಎರಡೂವರೆ ಅಂಗುಲ ಉದ್ದ. ಇಂದು ಅಂಗಡಿಯಲ್ಲಿ ಸಿಗುವ ಎಪ್ಪತ್ತು ಮಿಲಿಮೀಟರಿನ ತೋಟಾ ಅದರೊಳಗೆ ಸಲೀಸಾಗಿ ಕೂರುತ್ತದೆ, ಏಕೆಂದರೆ ಆ ಅಳತೆ ಹೊಡೆದ ಮೇಲೆ ಬಾಯಿ ಬಿಚ್ಚಿದ ತೋಟಾದ್ದು. ಹೊಡೆದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆಯ ಮೇಲೆ ಹಾವಿನ ಮೈಯಂತಹ ಗೆರೆಗಳಿದ್ದರೆ ಅದು ಡಮಾಸ್ಕಸ್ ನಳಿಗೆ, ಕರಿಮದ್ದಿನ ಕಾಲದ್ದು. ಹೊಸ ಮದ್ದಿನ ತೋಟಾ ಹಾಕಿದರೆ ಸಿಡಿಯಬಹುದು. ನಳಿಗೆಯ ಅಡಿಯಲ್ಲಿರುವ ಪರೀಕ್ಷಾ ಮುದ್ರೆಗಳನ್ನು ಓದಬಲ್ಲ ವ್ಯಾಪಾರಿಗೆ ಮೊದಲು ತೋರಿಸಿ. ಠೇವಣಿ ಇಟ್ಟಾಗ ಕೊಡುವ ರಸೀದಿಯಲ್ಲಿ ಕೋವಿಯ ನಂಬರ್ ಸರಿಯಾಗಿ ಬರೆದಿದೆಯೇ ಎಂದು ಅಲ್ಲೇ ನಿಂತು ನೋಡಿ. ಆ ರಸೀದಿಯನ್ನು ಅಜ್ಜನ ಲೈಸೆನ್ಸ್ ಪುಸ್ತಕದ ಜತೆಗೇ ಇಡಿ.